ಕಡ್ಡಿ ಕೇಳುವ ವಿನಯ, ಕಡ್ಡಿ ಕೊಡುವ ಮನಸ್ಸು



ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಹುಬ್ಬಳ್ಳಿಯಲ್ಲಿ ಕೆಲವು ದಿನ ಇರಬೇಕಾಗಿ ಬಂದಿತು. ಒಂದು ಸಂಜೆ ಸದ್ಭಕ್ತರೊಬ್ಬರು ಪ್ರಸಾದಕ್ಕೆಂದು ನನ್ನನ್ನು ತಮ್ಮ ಮನೆಗೆ ಕರೆದೊಯ್ದರು. ಸಾತ್ತ್ವಿಕವಾದ ಮನೆತನ. ಗಂಡಹೆಂಡಿರಿಬ್ಬರೂ ದುಡಿಯುವವರು, ನಿತ್ಯವೂ ಲಿಂಗಪೂಜೆ ತಪ್ಪಿಸದವರು. ನಡುಮನೆಯ ಕಿಟಕಿಯ ಬಳಿ ಒಂದು ಗಾಜಿನ ಸೀಸೆಯಿಂದ ಮನಿ ಪ್ಲಾಂಟ್ ಎಂದು ಜನರು ಕರೆಯುವ ಬಳ್ಳಿಯು ಮೇಲೆದ್ದು, ಗೋಡೆಯನ್ನೆಲ್ಲ ಸುತ್ತಿ, ಬಾಗಿಲ ಚೌಕಟ್ಟಿನ ಮೇಲೆ ತೋರಣದಂತೆ ಇಳಿಬಿದ್ದಿತ್ತು. ‘ಬಹಳ ಚೆಂದ ಬಂದಿದೆ’ ಎಂದೆ. ಮನೆಯ ಯಜಮಾನರು ನಕ್ಕು ದನಿ ತಗ್ಗಿಸಿದರು: ‘ಶರಣರ, ಇದು ಕೊಂಡದ್ದಲ್ಲರೀ, ಕೇಳಿ ತಂದದ್ದೂ ಅಲ್ಲ. ಎದುರಮನಿ ಕಟ್ಟಿ ಮ್ಯಾಲಿಂದು. ಕದ್ದು ತಂದು ಹಚ್ಚಿದ್ರ ಮನಿಗೆ ರೊಕ್ಕ ಬರ್ತದಂತ.’ ಅಲ್ಲಿಯೇ ಆಡುತ್ತ ಕುಳಿತಿದ್ದ ಆರೇಳು ವರ್ಷದ ಮಗನು ತಲೆಯೆತ್ತಿ, ಬಹು ಅಭಿಮಾನದಿಂದ, ‘ಅಪ್ಪಾಜಿ ಕತ್ತರಸಬೇಕಾದ್ರ ನಾನ ಬ್ಯಾಟರಿ ಹಿಡದಿದ್ದೆ’ ಎಂದನು.

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆದರೆ ಆ ರಾತ್ರಿ ಮಲಗಿದಾಗ ಬ್ಯಾಟರಿ ಹಿಡಿದು ನಿಂತ ಆ ಮಗುವಿನ ಚಿತ್ರವು ಕಣ್ಣ ಮುಂದಿನಿಂದ ಸರಿಯಲೊಲ್ಲದು. ಕದ್ದ ವಸ್ತುವಿನ ಬೆಲೆ ಏನು? ಒಂದು ಗೇಣು ಬಳ್ಳಿ. ಹಗಲಿನಲ್ಲಿ ಹೋಗಿ ಬಾಗಿಲು ತಟ್ಟಿ ಕೇಳಿದ್ದರೆ ಎದುರುಮನೆಯ ತಾಯಿ ಎರಡು ಗೇಣು ಕೊಟ್ಟು, ಮೇಲೊಂದು ಬಟ್ಟಲು ಚಹವನ್ನೂ ಕೊಟ್ಟಾರು. ಕೇಳಿದರೆ ಸಿಕ್ಕುವುದನ್ನೇ ಕದಿಯಬೇಕೆಂಬ ಬುದ್ಧಿ ಎಲ್ಲಿಂದ ಬಂದಿತು? ಬಸವಣ್ಣನವರು ಸದಾಚಾರವನ್ನು ಹೇಳಹೊರಟಾಗ ನಿಷೇಧಿಸಿದ ಮೊದಲನೆಯ ದೋಷವೇ ಕಳವು ಎಂಬುದು ನಮ್ಮ ಮನೆಗಳ ಕೂಸುಗಳಿಗೂ ಗೊತ್ತು. ಆ ಮಾತನ್ನು ಬಾಯಿಪಾಠ ಮಾಡಿದ ಮನೆಯಲ್ಲಿಯೇ, ಕೇಳದೆ ತಂದುದರಿಂದ ಸಿರಿ ಬರುವುದೆಂಬ ಪಾಠವನ್ನೂ ಆ ಮಗು ಬೆಳಕು ಹಿಡಿದು ಕಲಿತಂತಾಯಿತಲ್ಲ!

ಇದು ಆ ಒಂದು ಮನೆಯ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಈ ನಂಬಿಕೆಯು ಈಗ ಊರೂರುಗಳಲ್ಲಿದೆ. ಇದರ ಬೆನ್ನಿಗೇ ಇನ್ನೊಂದು ನಂಬಿಕೆಯೂ ಇದೆ: ಮನೆಯ ಗಿಡದ ಕಡ್ಡಿಯನ್ನು ಹೊರಗೆ ಕೊಟ್ಟರೆ ಮನೆಯ ಲಕ್ಷ್ಮಿಯು ಅದರೊಡನೆ ಹೊರಟುಹೋಗುತ್ತಾಳೆ ಎಂಬುದು. ಒಂದು ಕೇಳಗೊಡದು, ಇನ್ನೊಂದು ಕೊಡಗೊಡದು. ಎರಡೂ ಕೂಡಿದ ಮೇಲೆ ನೆರೆಮನೆಯೊಡನೆ ನಮಗೆ ಉಳಿಯುವ ಸಂಬಂಧವೇನು? ಆದುದರಿಂದ ಈ ತಿಂಗಳು ಕಡ್ಡಿಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಗಿಡ ಹಚ್ಚುವ ಮಾತು ಪ್ರವಚನಕ್ಕೆ ತಕ್ಕುದಲ್ಲವೆಂದು ಯಾರೂ ತಿಳಿಯಬಾರದು. ಪೂಜೆಗೆ ಹೂ ಬೇಕೆಂಬವರು ಹೂವಿನ ಗಿಡವು ಎಲ್ಲಿಂದ ಬಂದಿತೆಂಬುದನ್ನೂ ವಿಚಾರಿಸಬೇಕಷ್ಟೆ.

ಮೊದಲು ಆ ಬಳ್ಳಿಯ ಊರನ್ನು ಹೇಳುತ್ತೇನೆ. ಮನಿ ಪ್ಲಾಂಟ್ ನಮ್ಮ ನಾಡಿನದಲ್ಲ. ಪೆಸಿಫಿಕ್ ಮಹಾಸಾಗರದ ನಡುವೆ ಮೊರಿಯಾ ಎಂಬ ಚಿಕ್ಕ ದ್ವೀಪವಿದೆ. ಇದರ ಮೂಲಸ್ಥಾನ ಅದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅಲ್ಲಿಂದ ಹೊರಟು ಇಂದು ಲೋಕದ ಅರ್ಧ ಮನೆಗಳ ಕಿಟಕಿಯನ್ನೇರಿದೆ. ಆಶ್ಚರ್ಯವೇನೆಂದರೆ, ನಿಮ್ಮ ಮನೆಯಲ್ಲಿ ಇದು ಹೂ ಬಿಟ್ಟುದನ್ನು ನೀವು ಕಂಡಿರಲಾರಿರಿ. ಹೂ ಬಿಡಲು ಸಸ್ಯಕ್ಕೆ ಬೇಕಾದ ಜಿಬ್ಬರೆಲಿನ್ ಎಂಬ ದ್ರವ್ಯವನ್ನು ಈ ಬಳ್ಳಿಯು ತನ್ನಲ್ಲಿ ಸಾಕಷ್ಟು ಉಂಟುಮಾಡಿಕೊಳ್ಳಲಾರದೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹೂವಿಲ್ಲ, ಅದು ಕಾರಣ ಕಾಯಿಲ್ಲ, ಬೀಜವಿಲ್ಲ. ಹಾಗಾದರೆ ಕಡಲಾಚೆಯ ದ್ವೀಪದಿಂದ ಹುಬ್ಬಳ್ಳಿಯ ನಡುಮನೆಗೆ ಬಂದುದು ಹೇಗೆ? ಒಬ್ಬರು ಕತ್ತರಿಸಿದರು, ಇನ್ನೊಬ್ಬರು ಹಚ್ಚಿದರು. ಅವರಿಂದ ಮತ್ತೊಬ್ಬರು ಒಯ್ದರು. ಕೈಯಿಂದ ಕೈಗೆ ದಾಟುವುದೊಂದೇ ಇದರ ಬಾಳಿನ ಹಾದಿ.

ಇನ್ನು, ಕದ್ದದ್ದೇ ಚೆನ್ನಾಗಿ ಬರುತ್ತದೆಂಬ ಮಾತು. ಇದನ್ನು ಹೇಳುವವರೆಲ್ಲರೂ ಸುಳ್ಳು ಹೇಳುತ್ತಾರೆಂದು ನಾನು ಅನ್ನಲಾರೆ. ಅನುಭವವಿರಬಹುದು. ಆದರೆ ಅದರ ಕಾರಣವನ್ನು ವಿಚಾರಿಸಿರಿ. ಕದಿಯುವವನು ತಾನೇ ಆರಿಸುತ್ತಾನೆ; ಬಳ್ಳಿಯ ತುದಿಯ, ಎಲೆ ತುಂಬಿದ, ಹುರುಪಿನ ಭಾಗಕ್ಕೇ ಕೈ ಹಾಕುತ್ತಾನೆ. ಕೊಡುವವರಾದ ನಾವೋ, ನಮಗೆ ಬೇಡವಾದ ಬುಡದ ಒಣಕಲು ಕಡ್ಡಿಯನ್ನು ಹುಡುಕಿ ಕೊಡುತ್ತೇವೆ. ಅದು ಚಿಗುರದೆ ಹೋಗುತ್ತದೆ. ಇದರಲ್ಲಿ ಕಳವಿನ ಮಹಿಮೆಯೇನೂ ಇಲ್ಲ, ನಮ್ಮ ಕೊಡುಗೆಯ ದೋಷವಿದೆ. ಹಳಸಿದ್ದನ್ನು ಜಂಗಮರ ಎಡೆಗೆ ಬಡಿಸುವವರಿಲ್ಲ. ಕಡ್ಡಿಯಲ್ಲಿ ಮಾತ್ರ ಈ ಲೆಕ್ಕ ಬದಲಾಗುವುದೇಕೆ?

ಬೇರು ಬರುವುದು ಗೆಣ್ಣಿನಿಂದ. ಕೈ ಯಾರದೆಂದು ಗೆಣ್ಣು ಕೇಳದು. ಎಲೆಯು ಕಾಂಡವನ್ನು ಸೇರುವೆಡೆಯಲ್ಲಿ ತುಸು ಉಬ್ಬಿರುವ ಸ್ಥಾನವೇ ಗೆಣ್ಣು. ಅಲ್ಲಿ ಮುಂದಿನ ಚಿಗುರಿನ ಕಣ್ಣೂ, ಬೇರಾಗಬಲ್ಲ ಜೀವಕೋಶಗಳೂ ಅಡಗಿವೆ. ಮನಿ ಪ್ಲಾಂಟಿನ ಒಂದು ಎಲೆಯನ್ನಷ್ಟೇ ಚಿವುಟಿ ನೀರಿನಲ್ಲಿಟ್ಟರೆ ಅದರ ತೊಟ್ಟಿಗೆ ಬೇರು ಬರುವುದುಂಟು; ತಿಂಗಳುಗಟ್ಟಲೆ ಹಸಿರಾಗಿಯೂ ಇರುವುದುಂಟು; ಆದರೆ ಗೆಣ್ಣಿಲ್ಲದ ಆ ಎಲೆಯು ಎಂದಿಗೂ ಬಳ್ಳಿಯಾಗದು. ಇದನ್ನರಿಯದೆ ಎಷ್ಟೋ ಜನರು ವರ್ಷವೆಲ್ಲ ಕಾದು ನಿರಾಶರಾಗಿದ್ದಾರೆ.

ಕಡ್ಡಿಯೊಳಗೆ ನಡೆಯುವ ಕೆಲಸವನ್ನು ತಿಳಿದರೆ ಮನಸ್ಸು ತಾನಾಗಿಯೇ ಬಾಗುತ್ತದೆ. ಗಿಡದ ತುದಿಯ ಎಳೆಚಿಗುರಿನಲ್ಲಿ ಒಂದು ಚೋದಕದ್ರವ್ಯವು ಹುಟ್ಟಿ ಕೆಳಮುಖವಾಗಿ ಇಳಿಯುತ್ತಿರುತ್ತದೆ. ಓಟ್ಸ್ ಧಾನ್ಯದ ಮೊಳಕೆಗಳ ಮೇಲೆ ಪ್ರಯೋಗ ನಡೆಸಿ, ಇದರ ಇರವನ್ನು ನಿಸ್ಸಂಶಯವಾಗಿ ತೋರಿಸಿದವರು ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್. ಅವರ ಪ್ರಬಂಧವು 1928ರಲ್ಲಿ ಹೊರಬಂದಿತು. ಇದಕ್ಕೆ ಆಕ್ಸಿನ್ ಎಂದು ಹೆಸರಾಯಿತು. ಬೇರು ಮೂಡಿಸುವುದೂ ಇದೇ ಎಂಬುದು 1930ರ ದಶಕದಲ್ಲಿ ಸ್ಪಷ್ಟವಾಯಿತು. ಗಿಡದಲ್ಲಿರುವಾಗ ಈ ದ್ರವ್ಯವು ಕೆಳಗಿಳಿದು ಬುಡವನ್ನು ಸೇರುತ್ತಿತ್ತು. ಕಡ್ಡಿಯನ್ನು ಕತ್ತರಿಸಿದೊಡನೆ ದಾರಿ ಕಡಿದುಹೋಗಿ, ಗಾಯದ ಬಾಯಲ್ಲಿಯೇ ಶೇಖರವಾಗುತ್ತದೆ. ಗಾಯವು ಮಾಯ್ದು ಗಂಟುಕಟ್ಟುತ್ತದೆ. ಕಾಂಡವಾಗಿಯೇ ಬಾಳಬೇಕೆಂದಿದ್ದ ಜೀವಕೋಶಗಳು ತಮ್ಮ ಕಾಯಕವನ್ನು ಬದಲಿಸಿ ಬೇರಾಗತೊಡಗುತ್ತವೆ. ಕಡಿದ ಜಾಗದಿಂದಲೇ ಬೇರು! ಅಂಗಡಿಯಲ್ಲಿ ಸಿಕ್ಕುವ ಬೇರು ಬರಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಇಂಡೋಲ್ ಬ್ಯೂಟಿರಿಕ್ ಆಮ್ಲವೆಂಬ ಇದೇ ಜಾತಿಯ ದ್ರವ್ಯ. ದೊಡ್ಡಪತ್ರೆ, ಮನಿ ಪ್ಲಾಂಟುಗಳಂಥ ಸುಲಭದ ಗಿಡಗಳಿಗೆ ಅದರ ಅವಶ್ಯಕತೆಯಿಲ್ಲ, ಹಣ ಕಳೆಯಬೇಡಿರಿ.

ಈಗ ಮಾಡುವ ಬಗೆ. ತಾಯಂದಿರಲ್ಲಿ ಅನೇಕರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಹೊಸದಾಗಿ ಸಂಸಾರ ಹೂಡಿದವರಿಗಾಗಿ ಹೇಳುತ್ತೇನೆ. ಬೆಳಗಿನ ತಂಪು ಹೊತ್ತಿನಲ್ಲಿ, ರೋಗವಿಲ್ಲದ ಗಿಡದಿಂದ, ತೀರ ಎಳೆಯದೂ ಅಲ್ಲದ, ಮರದಂತೆ ಬಲಿತುದೂ ಅಲ್ಲದ ಕಡ್ಡಿಯನ್ನು ಆರಿಸಬೇಕು. ಆರು ಅಂಗುಲ ಉದ್ದ, ಮೂರು ನಾಲ್ಕು ಗೆಣ್ಣು ಇದ್ದರೆ ಸಾಕು. ಕತ್ತರಿಯನ್ನು ಮೊದಲು ಬಿಸಿನೀರಿನಲ್ಲಿ ತೊಳೆದಿರಬೇಕು. ಒಂದು ಗಿಡದ ಬೇನೆಯು ಇನ್ನೊಂದಕ್ಕೆ ಕತ್ತರಿಯಿಂದಲೂ ದಾಟಬಹುದು. ಕೆಳಗೆ ಗೆಣ್ಣಿನ ಸ್ವಲ್ಪ ಕೆಳಭಾಗದಲ್ಲಿ ಓರೆಯಾಗಿಯೂ, ಮೇಲೆ ನೇರವಾಗಿಯೂ ಕತ್ತರಿಸಿರಿ. ಹೀಗೆ ಮಾಡಿದರೆ ತಲೆ ಯಾವುದು ಬುಡ ಯಾವುದು ಎಂಬುದು ಮರೆಯದು. ತಲೆಕೆಳಗಾಗಿ ಊರಿದ ಕಡ್ಡಿಯು ಸರಿಯಾಗಿ ಬೇರುಬಿಡದು. ಕೆಳಗಿನ ಎಲೆಗಳನ್ನು ತೆಗೆದು, ಮೇಲೆ ಎರಡು ಎಲೆಗಳನ್ನಷ್ಟೇ ಉಳಿಸಿರಿ. ಬೇರಿಲ್ಲದ ಕಡ್ಡಿಗೆ ಎಲೆ ಹೆಚ್ಚಿದ್ದಷ್ಟೂ ಅವುಗಳ ಮೂಲಕ ನೀರು ಆರಿಹೋಗಿ ಅದು ಬಾಡುತ್ತದೆ.

ಊರುವ ಮಣ್ಣಿನಲ್ಲಿ ಅರ್ಧ ಉಸುಕು, ಅರ್ಧ ಕೆಮ್ಮಣ್ಣು ಇರಲಿ. ಉಸುಕು ಸಿಕ್ಕದ ಪೇಟೆಯವರು ತೆಂಗಿನ ನಾರಿನ ಪುಡಿಯನ್ನು ಬೆರೆಸಬಹುದು. ಗೊಬ್ಬರ ಮಾತ್ರ ಬೇಡ. ಬಾಣಂತಿಯ ಊಟವನ್ನು ಹಸುಗೂಸಿಗೆ ಉಣಿಸಿದಂತಾಗುತ್ತದೆ. ಹಸಿಗೊಬ್ಬರದಲ್ಲಿ ಗಾಯವು ಕೊಳೆಯುತ್ತದೆ. ಕುಂಡದ ತಳದಲ್ಲಿ ರಂಧ್ರವಿರಲೇಬೇಕು. ನೆರಳಿರಬೇಕು, ಆದರೆ ಕತ್ತಲಿರಬಾರದು. ಬೇಸಗೆಯಾದರೆ ಒಂದು ತೆಳು ಪ್ಲಾಸ್ಟಿಕ್ ಚೀಲವನ್ನು ಗುಡಾರದಂತೆ ಮೇಲೆ ಹೊದಿಸಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿರಿ. ನೀರಿನಲ್ಲಿಯೇ ಬೇರು ಬರಿಸುವವರು ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಲಿ. ನಿಂತ ನೀರಿನಲ್ಲಿ ಪ್ರಾಣವಾಯು ತೀರಿಹೋಗುತ್ತದೆ, ಬೇರಿಗೂ ಉಸಿರು ಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಾನು ಕಂಡಮಟ್ಟಿಗೆ, ಅಲಕ್ಷ್ಯದಿಂದ ಸತ್ತ ಕಡ್ಡಿಗಳಿಗಿಂತ ಅತಿಪ್ರೀತಿಯಿಂದ ಸತ್ತವೇ ಹೆಚ್ಚು. ದಿನಕ್ಕೆ ಮೂರು ಸಲ ನೀರು ಹೊಯ್ಯುವುದು. ಬೇರು ಬಂದಿದೆಯೋ ಇಲ್ಲವೋ ಎಂದು ಕಿತ್ತು ನೋಡುವುದು. ನೋಡಿ ಮತ್ತೆ ಊರುವುದು. ಕಿತ್ತಾಗ, ಕೂದಲಿಗಿಂತ ತೆಳುವಾದ ಆ ಮೊದಲ ಬೇರುಗಳು ಹರಿದುಹೋಗುತ್ತವೆ. ದೊಡ್ಡಪತ್ರೆಯು ಹತ್ತು ಹದಿನೈದು ದಿನದಲ್ಲಿ, ಮನಿ ಪ್ಲಾಂಟ್ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ದಾಸವಾಳಕ್ಕೆ ಒಂದು ತಿಂಗಳ ಮೇಲೆ, ಮಲ್ಲಿಗೆಗೆ ಅದಕ್ಕಿಂತಲೂ ಹೆಚ್ಚು ಬೇಕಾದೀತು. ಅಷ್ಟು ದಿನ ಮೇಲ್ನೋಟಕ್ಕೆ ಏನೂ ಆಗುತ್ತಿರುವುದಿಲ್ಲ. ಮಕ್ಕಳನ್ನು ಶಾಲೆಗೆ ಹಾಕಿದ ಮರುತಿಂಗಳೇ ಫಲ ಕೇಳುವ ತಂದೆತಾಯಿಗಳು ಒಂದು ಮಲ್ಲಿಗೆಯ ಕಡ್ಡಿಯನ್ನು ಊರಿ ನೋಡುವುದು ಒಳ್ಳೆಯದು.

ಎಲ್ಲ ಗಿಡಕ್ಕೂ ಒಂದೇ ದಾರಿಯಿಲ್ಲ. ಕಾಡುಬಸಳೆಯ ಎಲೆಯ ಅಂಚಿನಲ್ಲಿಯೇ ಮರಿಗಳೇಳುತ್ತವೆ. ಸ್ನೇಕ್ ಪ್ಲಾಂಟ್ ಎಂದು ಮಾರುವ, ಹಳದಿ ಅಂಚಿನ ಉದ್ದೆಲೆಯ ಗಿಡವನ್ನು ಎಲೆಯ ತುಂಡಿನಿಂದ ಬೆಳೆಸಿದರೆ ಅಂಚು ಮಾಯವಾಗಿ ಬರಿಯ ಹಸಿರು ಗಿಡ ಬರುತ್ತದೆ. ಅಂಚು ಬೇಕೆಂಬವರು ಬುಡದ ಗೆಡ್ಡೆಯನ್ನೇ ಪಾಲು ಮಾಡಬೇಕು. ಬಿಲ್ವವನ್ನು ಕಡ್ಡಿಯಿಂದ ಬೆಳೆಸಹೊರಟವರು ಬಹುಪಾಲು ಸೋಲುತ್ತಾರೆ; ಅದಕ್ಕೆ ತಾಜಾ ಬೀಜ, ಇಲ್ಲವೆ ಬೇರಿನಿಂದೆದ್ದ ಮರಿ ಬೇಕು. ತುಂಬೆಯು ಮಳೆಗಾಲದ ಗಿಡ, ಬೀಜ ಉದುರಿಸಿ ತಾನಾಗಿಯೇ ಹುಟ್ಟುತ್ತದೆ. ಕಣಗಿಲೆಯು ನೀರಿನಲ್ಲಿಟ್ಟರೂ ಬೇರು ಬಿಡುವಷ್ಟು ಸುಲಭ. ಆದರೆ ಅದರ ಎಲೆ, ಹೂ, ಕಾಂಡ, ಕಡ್ಡಿ ಇಟ್ಟ ನೀರು ಎಲ್ಲವೂ ವಿಷ. ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಆ ನೀರನ್ನು ದನಕರುಗಳು ಕುಡಿಯುವಲ್ಲಿ ಚೆಲ್ಲಬೇಡಿರಿ. ಮನಿ ಪ್ಲಾಂಟಿನ ಎಲೆಯೂ ಬಾಯಿಗೆ ಹೋದರೆ ನಾಲಿಗೆ ಗಂಟಲು ಉರಿಯುವಂಥದು. ಅಂಬೆಗಾಲಿನ ಮಕ್ಕಳಿದ್ದ ಮನೆಯಲ್ಲಿ ಎತ್ತರದಲ್ಲಿಡಬೇಕು.

ಇನ್ನು ಮಲ್ಲಿಗೆ. ಇದರ ಮಾತು ಬೇರೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ನಮ್ಮ ನಾಡಿನ ಕೀರ್ತಿಯ ಹೂವು. ಆದರೂ ಮನೆಯ ಹಿತ್ತಿಲಿನ ದುಂಡುಮಲ್ಲಿಗೆಯು ಕಾಯಿಕಟ್ಟಿ ಬೀಜವಾದುದನ್ನು ಕಂಡವರುಂಟೇ? ಇಷ್ಟು ಹೂ ಬಿಡುವ ಗಿಡವು ನಮ್ಮಲ್ಲಿ ಬೀಜದಿಂದ ಬೆಳೆಯುವುದಿಲ್ಲ. ಕಡ್ಡಿಯಿಂದಲೋ, ಬಳ್ಳಿಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತಿಟ್ಟು ಬೇರು ಬಂದ ಮೇಲೆ ಬೇರ್ಪಡಿಸುವುದರಿಂದಲೋ ಮುಂದುವರಿಯುತ್ತದೆ. ಬೀಜದಿಂದ ಹುಟ್ಟಿದುದು ಗಿಡದ ಸಂತಾನ. ಕಡ್ಡಿಯಿಂದ ಬಂದುದು ಸಂತಾನವಲ್ಲ, ಅದೇ ಗಿಡ. ನೀವು ಇಂದು ಬೆಳಿಗ್ಗೆ ಪೂಜೆಗೇರಿಸಿದ ಮಲ್ಲಿಗೆಯು ನಿಮ್ಮ ತಾಯಿ, ಅವರ ತಾಯಿ, ಹೆಸರರಿಯದ ಯಾವುದೋ ಊರಿನ ಯಾವುದೋ ಹೆಣ್ಣುಮಗಳು ನೀರೆರೆದ ಆ ಒಂದೇ ಗಿಡದ ಮುಂದುವರಿಕೆ. ನಡುವೆ ಯಾರಾದರೊಬ್ಬರು ‘ಕೊಡುವುದಿಲ್ಲ’ ಎಂದಿದ್ದರೆ ಆ ಎಳೆ ಅಲ್ಲಿಗೇ ಹರಿಯುತ್ತಿತ್ತು.

ಹೀಗೆ ‘ಕೊಡುವುದಿಲ್ಲ’ ಎಂದವರೊಬ್ಬರು ನನ್ನ ಮನೆಯಲ್ಲಿಯೇ ಇದ್ದರು. ನನ್ನ ತಂದೆಯ ತಾಯಿ. ನಮ್ಮ ಕಡೆ ಅಮ್ಮ ಎಂದೇ ಕರೆಯುವುದು. ಬಯಲುಸೀಮೆಯ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಾಗ ತವರಿನಿಂದ ಹಸಿಬಟ್ಟೆಯಲ್ಲಿ ಸುತ್ತಿ ತಂದ ದುಂಡುಮಲ್ಲಿಗೆಯು ಹಿತ್ತಿಲ ಬಾವಿಯ ಪಕ್ಕದಲ್ಲಿ ಹಂದರ ತುಂಬ ಹಬ್ಬಿತ್ತು. ಹೂವನ್ನು ಊರಿಗೆಲ್ಲ ಹಂಚುತ್ತಿದ್ದರು. ಜಾತಿಮತ ನೋಡದೆ ಬುಟ್ಟಿ ಬುಟ್ಟಿ ಕೊಡುತ್ತಿದ್ದರು. ಕಡ್ಡಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ತವರಿನ ಬಳ್ಳಿ ಹೊಸಿಲು ದಾಟಿದರೆ ಮನೆಯ ಕಳೆ ಹೋಯಿತೆಂಬುದು ಅವರ ನಂಬಿಕೆ. ನೆರೆಮನೆಯ ಹುಡುಗಿಯೊಬ್ಬಳಿಗೆ ಮಲೆನಾಡಿನ ಸೆರಗಿನ ಊರೊಂದರಲ್ಲಿ ಲಗ್ನ ನಿಶ್ಚಯವಾಯಿತು. ಆಕೆ ಬಂದು, ಗಂಡನ ಮನೆಗೆ ಒಯ್ಯಲು ಒಂದು ಕಡ್ಡಿ ಬೇಡಿದಳು. ಅಮ್ಮ ಕೊಡಲಿಲ್ಲ. ಹೂ ಮುಡಿಸಿ ಕಳಿಸಿದರು.

ಬಳಿಕ 1972ರ ಬರಗಾಲ ಬಂದಿತು. ನಾನಾಗ ಎರಡನೆಯ ಇಯತ್ತೆಯ ಹುಡುಗ. ಬಾವಿಯ ತಳ ಕಂಡಿತು. ಮನುಷ್ಯರಿಗೇ ಕೊಡ ನೀರು ದುರ್ಲಭವಾದಾಗ ಗಿಡಕ್ಕೆರೆಯುವವರಾರು? ಅಮ್ಮ ತಾವು ಮುಖ ತೊಳೆದ ನೀರನ್ನು ಬೊಗಸೆಯಲ್ಲಿ ಒಯ್ದು ಹೊಯ್ಯುತ್ತಿದ್ದುದು ನನಗೆ ನೆನಪಿದೆ. ಮಲ್ಲಿಗೆ ಉಳಿಯಲಿಲ್ಲ. ಒಣಗಿದ ಬಳ್ಳಿಯನ್ನು ಹಂದರದಿಂದ ಇಳಿಸಲು ಅವರು ಎರಡು ವರ್ಷ ಬಿಡಲಿಲ್ಲ.

ಮಳೆ ಚೆನ್ನಾಗಿ ಆದ ಒಂದು ಪಂಚಮಿಗೆ ಆ ನೆರೆಮನೆಯ ಮಗಳು ತವರಿಗೆ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಒಂದು ಒಡಕು ಗಡಿಗೆ. ಗಡಿಗೆಯಲ್ಲಿ ಮೊಳದೆತ್ತರದ ಮಲ್ಲಿಗೆ. ಅಮ್ಮ ಎಲೆಯನ್ನು ಮುಟ್ಟಿ, ಮೂಸಿ, ‘ಎಲ್ಲೀದವ್ವಾ ಇದು?’ ಎಂದರು. ಆಕೆ ತಲೆ ತಗ್ಗಿಸಿ, ‘ನಿಮ್ಮ ತಿಪ್ಪ್ಯಾಗಿಂದ ರೀ ಅಮ್ಮಾ. ನನ್ನ ಲಗ್ನದ ವರ್ಷ ನೀವು ಬಳ್ಳಿ ಸವರಿ ಒಗದಿದ್ರಲ್ಲ, ಅದರಾಗ ನಾಕು ಕಡ್ಡಿ ಆರಿಸಿಕೊಂಡಿದ್ದೆ’ ಎಂದಳು. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: ‘ಎಷ್ಟ ಮನಿಗೆ ಕೊಟ್ಟೀ?’ ಆಕೆ, ‘ಎಣಿಸಿಲ್ಲ ರೀ’ ಎಂದಳು.

ಆ ಹುಡುಗಿ ಮಾಡಿದ್ದೂ ಕಳವೇ ಅಲ್ಲವೇ ಎಂದು ನಮ್ಮ ಮನೆಯಲ್ಲಿ ಕೆಲವರು ಅಂದುದುಂಟು. ನನಗೆ ಆಗ ಉತ್ತರ ತಿಳಿಯಲಿಲ್ಲ. ವಯಸ್ಸಾದ ಮೇಲೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಚರಿತ್ರೆಯಲ್ಲಿ ಅದು ದೊರೆಯಿತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಚೆಲ್ಲಿದುದನ್ನು ಆಯ್ದುಕೊಂಡವನು ಕಳ್ಳನಲ್ಲ. ಆದರೆ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮ ಸುಮ್ಮನಿರಲಿಲ್ಲ. ಆ ಅಕ್ಕಿಯೂ ಚೆಲ್ಲಿದ್ದೇ, ಆಯ್ದದ್ದೇ. ಆದರೂ ಅಂದಿನ ಅಗತ್ಯಕ್ಕೆ ಮೀರಿದ್ದೆಂದು ಗಂಡನನ್ನು ಎಚ್ಚರಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದಳು. ಕಳವಲ್ಲವೆಂಬುದಷ್ಟೇ ಆಕೆಗೆ ಸಾಲದು. ಆಸೆಯೂ ಅಲ್ಲವೆಂಬುದು ಆಕೆಗೆ ಬೇಕಾಗಿತ್ತು. ನೆರೆಮನೆಯ ಹುಡುಗಿಯು ತಿಪ್ಪೆಯಿಂದ ಆಯ್ದದ್ದು ನಾಲ್ಕೇ ಕಡ್ಡಿ. ನಮ್ಮ ಹುಬ್ಬಳ್ಳಿಯ ಸದ್ಭಕ್ತರು ಬದುಕಿರುವ ಬಳ್ಳಿಗೆ ರಾತ್ರಿ ಕತ್ತರಿ ಹಾಕಿದರು, ಅದೂ ಹಣದ ಆಸೆಗಾಗಿ. ಎರಡೂ ಕೇಳದೆ ತಂದುವೇ. ಆದರೆ ಒಂದರಲ್ಲಿ ಚೆಲ್ಲಿಹೋಗುವುದನ್ನು ಉಳಿಸಿದ ಕೈಯಿದೆ, ಇನ್ನೊಂದರಲ್ಲಿ ಕೇಳಲು ನಾಚಿದ ಬಾಯಿದೆ. ಇಷ್ಟಿದ್ದರೂ, ಆ ಹುಡುಗಿ ಬಾಯಿಬಿಟ್ಟು ಬೇಡಿದಾಗ ಇಲ್ಲವೆಂದುದು ನಮ್ಮ ಮನೆಯ ತಪ್ಪು. ಅದನ್ನು ಮರೆಮಾಚಲಾರೆ.

ಗಿಡವನ್ನು ಕತ್ತರಿಸುವುದು ಹಿಂಸೆಯಲ್ಲವೇ ಎಂದು ತಾಯಿಯೊಬ್ಬರು ಕೇಳಿದ್ದರು. ಜಗದೀಶಚಂದ್ರ ಬೋಸರು ಸ್ಪರ್ಶಕ್ಕೂ ಗಾಯಕ್ಕೂ ಸಸ್ಯಗಳು ವಿದ್ಯುತ್ ಸ್ಪಂದನ ತೋರುತ್ತವೆಂಬುದನ್ನು ತಮ್ಮ ಸೂಕ್ಷ್ಮಯಂತ್ರಗಳಿಂದ ಲೋಕಕ್ಕೆ ತೋರಿಸಿದರು. ಆದರೆ ನಮ್ಮ ಹಾಗೆ ನೋವನ್ನು ಅರಿಯುವ ನರಮಂಡಲವು ಗಿಡಕ್ಕಿಲ್ಲ. ಸವರಿದ ಗಿಡವು ಪಕ್ಕದ ಕಣ್ಣುಗಳಿಂದ ಇಮ್ಮಡಿ ಚಿಗುರುತ್ತದೆ. ಮಲ್ಲಿಗೆಯಂತೂ ವರ್ಷಕ್ಕೊಮ್ಮೆ ಸವರದಿದ್ದರೆ ಸರಿಯಾಗಿ ಹೂವನ್ನೇ ಬಿಡದು. ಹರಿತವಾದ ಕತ್ತರಿಯಿಂದ ಒಮ್ಮೆಗೇ ಕತ್ತರಿಸಿರಿ. ಕೈಯಿಂದ ಸೀಳಿ ಎಳೆಯಬೇಡಿರಿ. ಒಂದು ಗಿಡದಿಂದ ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿರಿ. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ.

ಅಮ್ಮನ ಕಥೆಯಲ್ಲಿ ಇನ್ನು ಸ್ವಲ್ಪ ಉಳಿದಿದೆ. ಆ ಗಡಿಗೆಯ ಮಲ್ಲಿಗೆಯನ್ನು ಹಳೆಯ ಜಾಗದಲ್ಲಿಯೇ ಹಚ್ಚಿದರು. ಮೂರನೆಯ ವರ್ಷ ಅದು ಹಂದರವನ್ನು ಮುಟ್ಟಿತು. ಆಮೇಲೆ ಅವರು ಬದುಕಿರುವವರೆಗೂ ಒಂದು ಪದ್ಧತಿ ನಡೆಯಿತು: ಬಳ್ಳಿ ಸವರಿದ ದಿನ, ಕಡ್ಡಿಗಳನ್ನು ಬಾಳೆಯ ನಾರಿನಿಂದ ಐದೈದರಂತೆ ಕಟ್ಟು ಕಟ್ಟಿ, ಬುಡಕ್ಕೆ ಹಸಿ ಅರಿವೆ ಸುತ್ತಿ, ಬೀದಿಯ ಕಡೆಯ ಕಟ್ಟೆಯ ಮೇಲೆ ಇಡಿಸುತ್ತಿದ್ದರು. ಬೇಡುವ ಕಷ್ಟವೂ ಯಾರಿಗೂ ಬೇಡವೆಂದು ಅವರ ಅಭಿಪ್ರಾಯ. ಸಂಜೆಗೆ ಕಟ್ಟೆ ಬರಿದಾಗುತ್ತಿತ್ತು. ಒಮ್ಮೆ ಎಮ್ಮೆಯೊಂದು ಬಂದು ಅಷ್ಟನ್ನೂ ತಿಂದುಹೋಯಿತು. ಅಂದು ಅವರು ಬೈದ ಬೈಗುಳನ್ನು ಇಲ್ಲಿ ಬರೆಯುವಂತಿಲ್ಲ.

ಹುಬ್ಬಳ್ಳಿಯಿಂದ ಹೊರಡುವ ಮುನ್ನ ಆ ಸದ್ಭಕ್ತರಿಗೆ ಈ ಕಥೆಯನ್ನೇ ಹೇಳಿದೆ. ಬಳ್ಳಿಯನ್ನು ಕಿತ್ತೊಗೆಯಿರೆಂದು ಹೇಳಲಿಲ್ಲ. ಅದರಿಂದ ಯಾರಿಗೇನು ಲಾಭ? ಅದರ ತುದಿಯ ಒಳ್ಳೆಯ ಕಡ್ಡಿಗಳನ್ನೇ ಆರಿಸಿ ಮೂರು ಸೀಸೆಗಳಲ್ಲಿಡಿರಿ, ಬೇರು ಬಂದ ಮೇಲೆ ಒಂದು ಕುಂಡದಲ್ಲಿ ಹಚ್ಚಿ, ಮಗನ ಕೈಯಲ್ಲಿಯೇ ಹೊರಿಸಿಕೊಂಡು ಹಗಲು ಹೊತ್ತಿನಲ್ಲಿ ಎದುರುಮನೆಗೆ ಹೋಗಿರಿ, ಇದು ನಿಮ್ಮ ಬಳ್ಳಿಯದೇ ಎಂದು ಹೇಳಿರಿ ಎಂದೆ. ‘ಕುಂಡ ಕೊಡೂದು ಸುಲಭ ರೀ, ಆ ಮಾತು ಹೇಳೂದು ಕಷ್ಟ’ ಎಂದರು. ನಿಜವೇ.

ಈಚೆಗೆ ದೂರವಾಣಿಯಲ್ಲಿ ಅವರೊಡನೆ ಮಾತನಾಡುವ ಸಂದರ್ಭ ಬಂದಿತು. ಮೂರು ಸೀಸೆಗಳಲ್ಲಿಯೂ ಬೇರು ಬಂದಿವೆಯಂತೆ. ಎದುರುಮನೆಗೆ ಇನ್ನೂ ಹೋಗಿಲ್ಲವಂತೆ. ಹುಡುಗನು ಮಾತ್ರ ದಿನವೂ ಶಾಲೆಯಿಂದ ಬಂದೊಡನೆ ಸೀಸೆಯನ್ನು ಬೆಳಕಿಗೆ ಹಿಡಿದು ಬೇರಿನ ಉದ್ದ ನೋಡಿ, ‘ಯಾವಾಗ ಹೋಗೂಣು?’ ಎಂದು ಕೇಳುತ್ತಾನಂತೆ.